ಕೆಂಪು ಚೀಟಿ ಇಲ್ಲದ ಸ್ಟ್ರಾ

2022ರ ಮಳೆಗಾಲದಲ್ಲಿ ನಮ್ಮ ಕ್ಲಿನಿಕ್ಕಿಗೆ ಹೊಸ ಬೋರ್ಡು ಬಂತು. ಆ ವರ್ಷದ ಜನವರಿಯಲ್ಲಿ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ (ಎಆರ್‌ಟಿ) ಕಾಯ್ದೆ ಜಾರಿಯಾಗಿತ್ತಲ್ಲ, ಇನ್ನು ಮುಂದೆ ‘ಸಂತಾನ ಭಾಗ್ಯ’ ಎಂದೇನೋ ಚೆಂದದ ಹೆಸರಿಟ್ಟುಕೊಂಡು ಕುಳಿತರೆ ಸಾಲದು, ನೋಂದಣಿ ಮಾಡಿಸಿ ‘ಎಆರ್‌ಟಿ ಕ್ಲಿನಿಕ್, ಲೆವೆಲ್ 2’ ಎಂದು ಹೇಳಿಕೊಳ್ಳಬೇಕಿತ್ತು. ಪೇಂಟರ್ ಏಣಿ ಹಾಕಿ ದಪ್ಪ ಅಕ್ಷರದಲ್ಲಿ ಬರೆದುಹೋದ. ಮೂರನೆಯ ದಿನ ಕೆಳಗಿನ ಮಹಡಿಯ ಬಟ್ಟೆ ಅಂಗಡಿಯವರು ಮೆಟ್ಟಿಲು ಹತ್ತಿ ಬಂದರು. “ಡಾಕ್ಟರೇ, ನಿಮ್ಮ ಮೇಲೆ ನಮಗೆ ಗೌರವವಿದೆ. ಆದರೆ ಏಡ್ಸ್ ಕೇಂದ್ರ ತೆರೆಯುವ ಮೊದಲು ನಮಗೂ ಒಂದು ಮಾತು ಹೇಳಬಹುದಿತ್ತು” ಎಂದರು.

ತಪ್ಪು ಅವರದಲ್ಲ. ಎಚ್‌ಐವಿ ಇರುವವರಿಗೆ ಸರಕಾರ 2004ರಿಂದ ಉಚಿತವಾಗಿ ಮಾತ್ರೆ ಕೊಡುತ್ತಿದೆ, ಜಿಲ್ಲಾ ಆಸ್ಪತ್ರೆಯಲ್ಲಿರುವ ಆ ಕೇಂದ್ರದ ಹೆಸರೂ ಎಆರ್‌ಟಿ. ಅಲ್ಲಿ ಅದು ವೈರಸ್ಸನ್ನು ಅಡಗಿಸುವ ಚಿಕಿತ್ಸೆ, ಇಲ್ಲಿ ಮಗು ಪಡೆಯುವ ದಾರಿ. ನಮ್ಮ ಡಾಕ್ಟರು ಅವರನ್ನು ಕೂರಿಸಿ ಚಹಾ ಕೊಟ್ಟು ವಿವರಿಸಿದರು. ಆಮೇಲೆ ಬೋರ್ಡಿನ ಕೆಳಗೆ ಒಂದು ಮಗುವಿನ ಚಿತ್ರ ಬರೆಸಿದೆವು. ನಾನು ಒಳಗೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದೆ. ಏಕೆಂದರೆ ಆ ಎರಡು ಎಆರ್‌ಟಿಗಳು ಆಗಾಗ ಭೇಟಿಯಾಗುವುದು ನನ್ನ ಮೇಜಿನ ಮೇಲೆಯೇ, ಮತ್ತು ಆ ದಿನ ಬೆಳಿಗ್ಗೆಯೂ ಭೇಟಿಯಾಗಿದ್ದವು.

ನಾನು ಎಂಬ್ರಿಯಾಲಜಿಸ್ಟ್, ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವವಳು. ಹುಟ್ಟೂರು ದಾವಣಗೆರೆ, ಕೆಲಸ ಮಂಗಳೂರಿನಲ್ಲಿ. ರೋಗಿಗಳು ನನ್ನ ಮುಖ ನೋಡುವುದು ಎರಡೇ ಸಲ: ಮಾದರಿ ಕೊಡುವಾಗ ಹೆಸರು ಖಾತ್ರಿ ಮಾಡಿಕೊಳ್ಳಲು, ಭ್ರೂಣ ಗರ್ಭಕ್ಕೆ ಸೇರಿಸುವ ದಿನ ಮತ್ತೊಮ್ಮೆ ಅದೇ ಹೆಸರು ಕೂಗಲು. ಉಳಿದ ಸಮಯ ನಾನು ಗಾಜಿನಾಚೆ. 2010ರಲ್ಲಿ ಈ ವೃತ್ತಿಗೆ ಬಂದಾಗ ನನಗೆ ಕಲಿಸಿದ ಮೊದಲ ಪಾಠ ಕೆಂಪು ಚೀಟಿಯದು. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಎಚ್‌ಐವಿ, ಯಕೃತ್ತಿನ ಸೋಂಕುಗಳಾದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಎಂಬ ಲೈಂಗಿಕ ರೋಗ ಪತ್ತೆಹಚ್ಚುವ ವಿಡಿಆರ್‌ಎಲ್ ಎಂದು ನಾಲ್ಕು ಪರೀಕ್ಷೆಗೆ ಕಳಿಸುತ್ತೇವೆ. ಯಾವುದಾದರೂ ಒಂದು ಪಾಸಿಟಿವ್ ಬಂದರೆ ಫೈಲಿನ ಮೂಲೆಗೆ ಕೆಂಪು ಚೀಟಿ. ಕೆಂಪು ಚೀಟಿಯವರನ್ನು ಪಟ್ಟಿಯ ಕೊನೆಗೆ ಹಾಕಬೇಕು, ಅವರ ಮಾದರಿ ಮುಟ್ಟುವಾಗ ಎರಡು ಜೊತೆ ಕೈಗವಸು, ಅವರದೇ ಪಿಪೆಟ್, ಅವರದೇ ಇನ್‌ಕ್ಯುಬೇಟರ್ ಖಾನೆ, ಕೆಲಸ ಮುಗಿದ ಮೇಲೆ ಶುದ್ಧ ಗಾಳಿಯಲ್ಲಿ ಕೆಲಸ ಮಾಡುವ ಪೆಟ್ಟಿಗೆಯಾದ ಹುಡ್‌ ಪೂರ್ತಿ ಒರೆಸಬೇಕು. ಚೀಟಿ ಇಲ್ಲದವರಿಗೆ ಇಷ್ಟೆಲ್ಲ ಬೇಡ. ಎಷ್ಟೋ ವರ್ಷ ನಾನು ಇದನ್ನು ಪ್ರಶ್ನೆಯೇ ಮಾಡಲಿಲ್ಲ.

ಪ್ರಶ್ನೆ ಮಾಡಿದವರು ಕುಂದಾಪುರದ ಕಡೆಯ ಒಬ್ಬ ಹೆಂಗಸು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಗಂಡನಿಗೆ ಹೆಪಟೈಟಿಸ್ ಬಿ. ಕರಾವಳಿಯಲ್ಲಿ ಎಷ್ಟೋ ಗಂಡಸರಿಗೆ ಇದು ಗೊತ್ತಾಗುವುದು ಕಾಯಿಲೆ ಬಿದ್ದಾಗಲ್ಲ, ಗಲ್ಫ್‌ಗೆ ಹೊರಟಾಗ. ವೀಸಾದ ಮೆಡಿಕಲ್‌ನಲ್ಲಿ ಈ ಒಂದು ಸಾಲು ಪಾಸಿಟಿವ್ ಬಂದರೆ ಕಾಗದದ ಮೇಲೆ ‘ಅನ್‌ಫಿಟ್’ ಎಂಬ ಮುದ್ರೆ ಬೀಳುತ್ತದೆ. ಇವರೂ ಮುಂಬೈಯ ಒಂದು ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಕತಾರಿನ ಕೆಲಸ ಕೈಗೆ ಬಂದಿದ್ದು ಬಾಯಿಗೆ ಬಾರದೆ, ಊರಿಗೆ ಮರಳಿದ್ದರು. ಊರಿನಲ್ಲಿ ‘ಕಾಮಾಲೆ’ ಎಂದರು. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಆರು ತಿಂಗಳು ಎಣ್ಣೆ ಇಲ್ಲ, ಖಾರ ಇಲ್ಲ, ಮೀನು ಇಲ್ಲ. ಕುಂದಾಪುರದವನಿಗೆ ಆರು ತಿಂಗಳು ಮೀನು ಇಲ್ಲವೆಂದರೆ ಅದು ಪಥ್ಯವಲ್ಲ, ಶಿಕ್ಷೆ. ಪಥ್ಯ ಮುಗಿಸಿ ಮತ್ತೆ ಪರೀಕ್ಷೆ ಮಾಡಿಸಿದರೆ ಅದೇ ಪಾಸಿಟಿವ್. ಮದುವೆಯಾದ ಮೇಲೆ ತಾಯಿ ಅವರಿಗೆ ಬೇರೆ ಲೋಟ, ಬೇರೆ ಬಟ್ಟಲು ಇಟ್ಟರು. ಲೋಟದಿಂದ ಈ ವೈರಸ್ ಹರಡುವುದಿಲ್ಲ. ಗಡ್ಡ ಬೋಳಿಸುವ ಬ್ಲೇಡಿನಿಂದ ಹರಡೀತು, ಆದರೆ ಬ್ಲೇಡನ್ನು ಯಾರೂ ಬೇರೆ ಇಟ್ಟಿರಲಿಲ್ಲ. ಮನೆಯಲ್ಲಿ ತಮ್ಮನೂ ಅವರೂ ಒಂದೇ ರೇಜರ್ ಬಳಸುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಕಾರಣ ವೈರಸ್ ಅಲ್ಲ, ವೀರ್ಯಾಣುಗಳ ಸಂಖ್ಯೆ ತೀರಾ ಕಡಿಮೆ. ಒಂದೊಂದೇ ವೀರ್ಯಾಣುವನ್ನು ಹಿಡಿದು ಅಂಡಾಣುವಿನೊಳಗೆ ಸೂಜಿಯಿಂದ ಸೇರಿಸಬೇಕಿತ್ತು. ಅದನ್ನು ನಾವು ಇಕ್ಸಿ ಎನ್ನುತ್ತೇವೆ. ಮೊದಲ ಭೇಟಿಯ ದಿನ ಇಬ್ಬರೂ ಹೊರಗೆ ಬೆಂಚಿನ ಮೇಲೆ ಫೈಲು ಹಿಡಿದು ಕುಳಿತಿದ್ದರು. ನಾನು ಹೆಸರು ಕರೆಯಲು ಬಾಗಿಲು ತೆರೆದಾಗ ಆಕೆ ಫೈಲಿನ ಮೂಲೆಯ ಕೆಂಪು ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸುತ್ತಿದ್ದರು, ಮಾವಿನಹಣ್ಣಿನ ಮೇಲಿನ ಸ್ಟಿಕ್ಕರ್ ತೆಗೆಯುವ ಹಾಗೆ. ಅರ್ಧ ಕಿತ್ತು ಬಂದಿತ್ತು. ನನ್ನನ್ನು ಕಂಡು ಕೈ ನಿಂತಿತು.

“ಇದು ಇಲ್ಲದಿದ್ದರೆ ನೀವು ಎಚ್ಚರಿಕೆಯಿಂದ ಕೆಲಸ ಮಾಡುವುದಿಲ್ಲವೇ ಮೇಡಂ?” ಎಂದರು. ಕುಹಕವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನಾನು ಏನೋ ನಿಯಮ ಎಂದು ಗೊಣಗಿ ಒಳಗೆ ಕರೆದೆ.

ಉತ್ತರ ಕೊಡುವ ಮೊದಲು ಕೆಂಪು ಚೀಟಿ ಅಂಟಿದ ಮಾದರಿಗೆ ಒಳಗೆ ಏನಾಗುತ್ತದೆ ಎಂದು ಹೇಳಬೇಕು. ಎಚ್‌ಐವಿಯಿಂದಲೇ ಶುರುಮಾಡುತ್ತೇನೆ, ಹೆದರಿಕೆ ಜಾಸ್ತಿ ಇರುವುದು ಅದಕ್ಕೇ.

ಮನೆಯ ಕಣದಲ್ಲಿ ಜೋಳ ತೂರುವುದನ್ನು ನೋಡಿ ಬೆಳೆದವಳು ನಾನು. ಗಾಳಿಗೆ ಹಿಡಿದರೆ ಜೊಳ್ಳು ಹಾರಿ ಆಚೆ ಬೀಳುತ್ತದೆ, ಗಟ್ಟಿಕಾಳು ಕಾಲಬುಡದಲ್ಲಿ ರಾಶಿಯಾಗುತ್ತದೆ. ವೀರ್ಯ ತೊಳೆಯುವುದೂ ಹೆಚ್ಚುಕಡಿಮೆ ಅದೇ. ಎಚ್‌ಐವಿ ಇರುವುದು ವೀರ್ಯದ ದ್ರವದಲ್ಲಿ ಮತ್ತು ಅದರಲ್ಲಿ ತೇಲುವ ಬಿಳಿ ರಕ್ತಕಣಗಳಲ್ಲಿ. ಚೆನ್ನಾಗಿ ಈಜುವ ವೀರ್ಯಾಣುವಿನ ಮೇಲೆ ಆ ವೈರಸ್ ಹಿಡಿದುಕೊಳ್ಳುವ ಸಿಡಿ4 ಎಂಬ ಕೊಂಡಿಯಿಲ್ಲ. ಹಾಗಾಗಿ ಕಾಳನ್ನೂ ಜೊಳ್ಳನ್ನೂ ಬೇರೆ ಮಾಡಿದರೆ ಆಯಿತು. ಚೂಪು ತಳದ ಟ್ಯೂಬಿನಲ್ಲಿ ಕೆಳಗೆ ದಪ್ಪ ದ್ರಾವಣ, ಅದರ ಮೇಲೆ ತೆಳು ದ್ರಾವಣ, ಎರಡೂ ಬೆರೆಯದಂತೆ ನಿಧಾನಕ್ಕೆ ಬಿಡಬೇಕು. ಕೈ ಅಲುಗಿದರೆ ನಡುವಿನ ಗೆರೆ ಕದಡಿಹೋಗುತ್ತದೆ. ಎಲ್ಲಕ್ಕಿಂತ ಮೇಲೆ ವೀರ್ಯ. ಸೆಂಟ್ರಿಫ್ಯೂಜ್‌ನಲ್ಲಿ ಇಪ್ಪತ್ತು ನಿಮಿಷ ತಿರುಗಿಸಿ ಹೊರಗೆ ತೆಗೆದರೆ ಮೇಲೆ ಮಂಜುಮಂಜಾದ ದ್ರವ, ನಡುವೆ ಬಿಳಿಯ ಉಂಗುರದಂತೆ ನಿಂತ ರಕ್ತಕಣಗಳು ಮತ್ತು ಸತ್ತ ವೀರ್ಯಾಣುಗಳು, ತಳದಲ್ಲಿ ಸಾಸಿವೆಕಾಳಿನಷ್ಟು ಗಟ್ಟಿ ಚುಕ್ಕೆ. ನಮಗೆ ಬೇಕಾದದ್ದು ಆ ಚುಕ್ಕೆ.

ಅಲ್ಲಿಗೆ ತಲುಪುವುದೇ ಕಷ್ಟ. ಪಿಪೆಟ್ ಮೇಲಿನಿಂದ ಇಳಿಯಬೇಕು, ಮೇಲಿರುವುದೆಲ್ಲ ವೈರಸ್ ಇರುವ ಪದರ. ಮೊದಲು ಪದರ ಪದರವಾಗಿ ಮೇಲಿನದನ್ನು ಹೀರಿ ತೆಗೆದು, ಪಿಪೆಟ್ ಬದಲಿಸಿ, ಟ್ಯೂಬಿನ ಗೋಡೆಗೆ ತಗುಲದಂತೆ ತಳದ ಚುಕ್ಕೆ ಎತ್ತಿ, ಹೊಸ ಟ್ಯೂಬಿಗೆ ಹಾಕಿ ಮತ್ತೆ ತೊಳೆಯುತ್ತೇವೆ. ಕೊನೆಗೆ ಅದರ ಮೇಲೆ ಶುದ್ಧ ದ್ರಾವಣ ಬಿಟ್ಟು 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಒಂದು ಗಂಟೆ ಇಡುತ್ತೇವೆ. ಜೀವವಿರುವವು ತಾವೇ ಈಜಿ ಮೇಲೆ ಬರುತ್ತವೆ. ಅದರಲ್ಲಿ ಒಂದು ಪಾಲನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿ, ವೈರಸ್ ಇಲ್ಲವೆಂದು ಬಂದ ಮೇಲೆಯೇ ಬಳಸುವುದು.

ಇದನ್ನು ಮೊದಲು ಜಗತ್ತಿಗೆ ತೋರಿಸಿದವರು ಮಿಲಾನಿನ ಡಾ. ಸೆಂಪ್ರಿನಿ, 1992ರಲ್ಲಿ. ಆಗ ಅವರನ್ನು ಹುಚ್ಚ ಎಂದವರು ಇದ್ದಿರಬೇಕು. ಏಕೆಂದರೆ ಅದಕ್ಕೆ ಎರಡೇ ವರ್ಷ ಮೊದಲು, 1990ರಲ್ಲಿ, ಅಮೆರಿಕದಲ್ಲಿ ಹಿಮೋಫೀಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇದ್ದ ಗಂಡನ ವೀರ್ಯವನ್ನು ಸಂಸ್ಕರಿಸಿ ಬಳಸಿದ ಮೇಲೂ ಹೆಂಡತಿಗೆ ಎಚ್‌ಐವಿ ತಗುಲಿದ ಒಂದು ಪ್ರಕರಣ ವರದಿಯಾಗಿತ್ತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಇದು ಬೇಡವೇ ಬೇಡ ಎಂದುಬಿಟ್ಟಿತು. ತೊಳೆಯುವುದೆಂದರೆ ಎಲ್ಲವೂ ಒಂದೇ ಅಲ್ಲ, ಹಂತಗಳು ಎಷ್ಟು, ಕೊನೆಯಲ್ಲಿ ಪರೀಕ್ಷೆ ಇದೆಯೇ ಎಂಬುದರ ಮೇಲೆ ನಿಂತಿದೆ ಎಂದು ಒಪ್ಪಿಕೊಳ್ಳಲು ಬಹಳ ವರ್ಷ ಹಿಡಿಯಿತು. 2007ರಲ್ಲಿ ಯುರೋಪಿನ ಕೇಂದ್ರಗಳು ಸೇರಿ ಸಾವಿರಕ್ಕೂ ಹೆಚ್ಚು ದಂಪತಿಗಳ ಲೆಕ್ಕ ಕೊಟ್ಟವು. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಸುಮಾರು 4,000 ಹೆಂಗಸರು, 11,500ಕ್ಕೂ ಮೀರಿದ ಚಿಕಿತ್ಸಾ ಸುತ್ತುಗಳು, ಸೋಂಕು ತಗುಲಿದವರು ಒಬ್ಬರೂ ಇಲ್ಲ.

ಈಗ ಈ ತೂರುವ ಕೆಲಸವೇ ಕಡಿಮೆಯಾಗುತ್ತಿದೆ. 2011ರಲ್ಲಿ ಹೊರಬಂದ ಒಂದು ದೊಡ್ಡ ಅಧ್ಯಯನ, ಅದರಲ್ಲಿ ನಮ್ಮ ಚೆನ್ನೈ ಮತ್ತು ಪುಣೆಯ ದಂಪತಿಗಳೂ ಇದ್ದರು, ಮಾತ್ರೆ ಬೇಗ ಶುರುಮಾಡಿದರೆ ಸಂಗಾತಿಗೆ ಹರಡುವುದು 96 ಶೇಕಡಾ ತಗ್ಗುತ್ತದೆ ಎಂದು ತೋರಿಸಿತು. ಆಮೇಲೆ ಬಂದ ಅಧ್ಯಯನಗಳು ಇನ್ನೂ ಮುಂದೆ ಹೋದವು: ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದಿದ್ದರೆ ದೈಹಿಕ ಸಂಪರ್ಕದಿಂದ ಅದು ಹರಡುವುದೇ ಇಲ್ಲ. ಅಂದರೆ ಆ ಇನ್ನೊಂದು ಎಆರ್‌ಟಿ, ಜಿಲ್ಲಾ ಆಸ್ಪತ್ರೆಯದು, ದಿನಕ್ಕೊಂದು ಮಾತ್ರೆಯಲ್ಲಿ ನನ್ನ ಸೆಂಟ್ರಿಫ್ಯೂಜಿನ ಕೆಲಸವನ್ನು ಮುಗಿಸಿಬಿಟ್ಟಿದೆ. ಬೋರ್ಡು ಬದಲಾದ ಆ ಮಳೆಗಾಲದ ಬೆಳಿಗ್ಗೆ ನನ್ನ ಮೇಜಿನ ಮೇಲಿದ್ದದ್ದು ಅಂಥವರ ಮಾದರಿಯೇ. ಏಳು ವರ್ಷದಿಂದ ಒಂದು ದಿನವೂ ಮಾತ್ರೆ ತಪ್ಪಿಸದ ಗಂಡಸು. ಅವರು ನಮ್ಮಲ್ಲಿಗೆ ಬಂದದ್ದು ಹೆಂಡತಿಯ ಗರ್ಭನಾಳ ಮುಚ್ಚಿಕೊಂಡಿದ್ದಕ್ಕೆ.

ಹೆಪಟೈಟಿಸ್ ಬಿಯ ಲೆಕ್ಕ ಬೇರೆ. ಎಚ್‌ಐವಿಗಿಂತ ಐವತ್ತರಿಂದ ನೂರು ಪಟ್ಟು ಸುಲಭವಾಗಿ ಹರಡುವ ವೈರಸ್ಸಿದು. ಮೇಜಿನ ಮೇಲೆ ಒಣಗಿದ ರಕ್ತದ ಚುಕ್ಕೆಯಲ್ಲೂ ಏಳು ದಿನ ಬದುಕಿರಬಲ್ಲದು. ಆದರೂ ಜನ ಹೆದರುವುದು ಎಚ್‌ಐವಿಗೆ. ನಮ್ಮ ಸಿಬ್ಬಂದಿಯೂ ಹಾಗೆಯೇ. ಎಚ್‌ಐವಿ ಮಾದರಿ ಬಂದ ದಿನ ಎರಡು ಜೊತೆ ಕೈಗವಸು, ಹೆಪಟೈಟಿಸ್ ಬಿ ಬಂದರೆ ಒಂದೇ ಸಾಕು ಎಂಬಂಥ ಅಸಡ್ಡೆ.

ಆ ಕುಂದಾಪುರದ ಗಂಡ ಒಂದು ಪ್ರಶ್ನೆ ಕೇಳಿದ್ದರು: “ಸೂಜಿಯಲ್ಲಿ ವೀರ್ಯಾಣು ಒಳಗೆ ಹೋಗುವಾಗ ವೈರಸ್ಸೂ ಜೊತೆಗೇ ಹೋಗುವುದಿಲ್ಲವೇ?” ಒಳ್ಳೆಯ ಪ್ರಶ್ನೆ. ಹೆಪಟೈಟಿಸ್ ಬಿಯ ಡಿಎನ್‌ಎ ವೀರ್ಯಾಣುವಿನ ಒಳಗೇ ಸಿಕ್ಕಿದ್ದುಂಟು. ಒಳಗಿರುವುದನ್ನು ಎಷ್ಟು ತೂರಿದರೂ ಬೇರೆ ಮಾಡಲಾಗದು. ಹಾಗಾಗಿ ಇಲ್ಲಿ ಟ್ಯೂಬನ್ನು ನಂಬಿ ಕೂರುವಂತಿಲ್ಲ, ಗೋಡೆ ಕಟ್ಟಬೇಕಾದದ್ದು ಹೆಂಡತಿಯ ರಕ್ತದಲ್ಲಿ. ಅದು ಲಸಿಕೆಯಿಂದ ಆಗುವ ಕೆಲಸ. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಚುಚ್ಚುಮದ್ದು. ಆಮೇಲೆ ವೈರಸ್ಸನ್ನು ತಡೆಯಲು ದೇಹ ಹುಟ್ಟಿಸುವ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯಬೇಕು. ಹತ್ತು ದಾಟಿದರೆ ರಕ್ಷಣೆ ಇದೆ ಎಂದು ಅರ್ಥ. ಮಗು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದರ ತೊಡೆಗೂ ಮೊದಲ ಡೋಸ್. ಹುಟ್ಟುವಾಗಲೇ ಈ ಸೋಂಕು ತಗುಲಿದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಿಗೆ ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿಯಲ್ಲಿ ತಾನೇ ಹೋಗಿಬಿಡುತ್ತದೆ. ಕತಾರಿಗೆ ಹೋಗಲಾಗದ ಎಷ್ಟೋ ಗಂಡಸರಿಗೆ ವೈರಸ್ ಬಂದದ್ದು ತಾವು ಹುಟ್ಟಿದ ದಿನವೇ ಇರಬೇಕು. ಆಗ ಆ ಲಸಿಕೆಯ ಹೆಸರೂ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಕೆಯ ಪರೀಕ್ಷೆ ನೋಡಿದೆವು. ಸೋಂಕು ಇಲ್ಲ, ಪ್ರತಿಕಾಯವೂ ಇಲ್ಲ. ನಾಲ್ಕು ವರ್ಷದ ಸಂಸಾರದಲ್ಲಿ ತಗುಲದೆ ಉಳಿದದ್ದು ಪುಣ್ಯ. ಲೋಟ ಬೇರೆ ಇಡುವ ಮನೆಯಲ್ಲಿ ಒಬ್ಬರಾದರೂ ಈ ಸೊಸೆಗೆ ಲಸಿಕೆ ಹಾಕಿಸಿ ಎಂದು ಹೇಳಿರಲಿಲ್ಲ. ಆರು ತಿಂಗಳು ಕಾಯಿರಿ ಎಂದು ಡಾಕ್ಟರು ಹೇಳಿದಾಗ ಆಕೆಯ ಮುಖ ಬಾಡಿತು. ಗಂಡ ಹೇಳಿದರು, “ನಾನು ಆರು ತಿಂಗಳು ಮೀನು ಬಿಟ್ಟವನು. ಇದೇನು ಮಹಾ?”

ಈಗ ಆ ಚೀಟಿಯ ವಿಷಯ.

1985ರಲ್ಲಿ ಆಸ್ಟ್ರೇಲಿಯಾದಿಂದ ಒಂದು ವರದಿ ಬಂತು. ಒಬ್ಬನೇ ದಾನಿಯ ವೀರ್ಯವನ್ನು ಶೀತಲೀಕರಿಸಿ ಇಟ್ಟು ಎಂಟು ಹೆಂಗಸರಿಗೆ ಬಳಸಿದ್ದರು. ಅವರಲ್ಲಿ ನಾಲ್ವರಿಗೆ ಎಚ್‌ಐವಿ. ದಾನಿಗೆ ಕಾಯಿಲೆಯ ಯಾವ ಲಕ್ಷಣವೂ ಇರಲಿಲ್ಲ. ಆ ವೀರ್ಯವನ್ನು ಸ್ಟ್ರಾ ಎಂಬ ತೆಳು ಕೊಳವೆಗಳಲ್ಲಿ ತುಂಬಿದವರ ಕೈಯಲ್ಲಿ ಅಂಥ ರಕ್ತಪರೀಕ್ಷೆಯೂ ಇರಲಿಲ್ಲ. ಚಳಿಗೆ ವೈರಸ್ ಸಾಯುವುದಿಲ್ಲ. ವೀರ್ಯಾಣುವನ್ನು ಕಾಪಾಡುವ ಅದೇ ಶೀತ ಅದನ್ನೂ ಕಾಪಾಡುತ್ತದೆ.

ಪರೀಕ್ಷೆ ಬಂದ ಮೇಲೆ ಎಲ್ಲ ಸರಿಹೋಯಿತೇ ಎಂದರೆ ಇಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ, ಪ್ರತಿಕಾಯ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಪ್ರತಿಕಾಯವನ್ನೇ ಹುಡುಕುವ ಪರೀಕ್ಷೆಗೆ ಸೋಂಕು ತಗುಲಿದವನು ‘ನೆಗೆಟಿವ್’. ಹರಡುವ ಶಕ್ತಿ ಅತಿ ಹೆಚ್ಚಿರುವ ದಿನಗಳಲ್ಲೇ ಪರೀಕ್ಷೆಯ ಹಾಳೆ ಶುದ್ಧವಾಗಿರುತ್ತದೆ. ಇದಕ್ಕಾಗಿಯೇ ದಾನಿಯ ವೀರ್ಯವನ್ನು ತಾಜಾ ಬಳಸಬಾರದು, ಆರು ತಿಂಗಳು ಶೀತದಲ್ಲಿಟ್ಟು, ದಾನಿಯನ್ನು ಮತ್ತೆ ಕರೆಸಿ ಪರೀಕ್ಷೆ ಮಾಡಿ, ಆಗಲೂ ನೆಗೆಟಿವ್ ಇದ್ದರೆ ಮಾತ್ರ ಹೊರಗೆ ತೆಗೆಯಬೇಕು ಎಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2005ರ ಮಾರ್ಗಸೂಚಿಯಲ್ಲಿ ಬರೆಯಿತು. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಹುಗಿದಿಟ್ಟು ಕಾಯುವ ಹಾಗೆ, ಕೊಳೆಯುವುದಾದರೆ ಅಷ್ಟರಲ್ಲಿ ವಾಸನೆ ಬಂದಿರುತ್ತದೆ. ಹಳೆಯ ಕಾಲದಲ್ಲಿ ಇದು ಹೇಗೆ ನಡೆಯುತ್ತಿತ್ತು ಎಂದು ನನಗೆ ಕಲಿಸಿದ ಹಿರಿಯರೊಬ್ಬರು ಹೇಳುತ್ತಿದ್ದರು: ದಾನಿ ಬೆಳಿಗ್ಗೆ ಬಂದು ಕೊಟ್ಟುಹೋಗುತ್ತಿದ್ದ, ಮಧ್ಯಾಹ್ನದೊಳಗೆ ಕೆಲಸ ಮುಗಿದಿರುತ್ತಿತ್ತು. ನಗುತ್ತಾ ಹೇಳುತ್ತಿದ್ದರು, ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಈಗಿನ ಕಾಯ್ದೆ ದಾನಿಗಳ ಪರೀಕ್ಷೆ ಮತ್ತು ಸಂಗ್ರಹವನ್ನು ಕ್ಲಿನಿಕ್ಕಿನಿಂದ ಬಿಡಿಸಿ, ಪ್ರತ್ಯೇಕವಾಗಿ ನೋಂದಾಯಿಸಿದ ಬ್ಯಾಂಕುಗಳಿಗೆ ಒಪ್ಪಿಸಿದೆ. ಈ ಕಾಯ್ದೆಯ ಬಗ್ಗೆ ನನಗೆ ಬೇಕಾದಷ್ಟು ತಕರಾರುಗಳಿವೆ, ಇದರ ಬಗ್ಗೆ ಮಾತ್ರ ಇಲ್ಲ.

ದಾನಿಗೆ ಆರು ತಿಂಗಳ ಕಾಯುವಿಕೆ ಇದೆ. ಗಂಡನಿಗೆ? ಗಂಡನ ಹಾಳೆಯನ್ನು ನಾವು ಒಮ್ಮೆ ನೋಡಿ ಫೈಲಿಗೆ ಸೇರಿಸುತ್ತೇವೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬೇರೊಂದು ಊರಿನ ಬೇರೊಂದು ಕ್ಲಿನಿಕ್ಕಿನಲ್ಲಿ. ಒಬ್ಬರ ವೀರ್ಯವನ್ನು ಮುಂಜಾಗ್ರತೆಗೆಂದು ಸ್ಟ್ರಾದಲ್ಲಿ ತುಂಬಿ, ಎರಡೂ ತುದಿ ಮುಚ್ಚಿ ಲಿಕ್ವಿಡ್ ನೈಟ್ರೋಜನ್ ಕ್ಯಾನಿನಲ್ಲಿ ಇಟ್ಟಿದ್ದೆ. ಬೇಕಾದ ದಿನ ಹೊರಗೆ ತೆಗೆದು ಬೆಚ್ಚಗಿನ ನೀರಿಗೆ ಇಳಿಸುವಷ್ಟರಲ್ಲಿ ‘ಪಟ್’ ಎಂದು ಕೈಯಲ್ಲೇ ಒಡೆಯಿತು. ದೀಪಾವಳಿಯ ಸಣ್ಣ ಪಟಾಕಿಯಷ್ಟೇ ಸದ್ದು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ನೈಟ್ರೋಜನ್ ಮೈನಸ್ 196 ಡಿಗ್ರಿಯಲ್ಲಿ ದ್ರವ, ಬಿಸಿ ತಗುಲಿದರೆ ಒಂದು ಲೀಟರು ಏಳುನೂರು ಲೀಟರಿನಷ್ಟು ಗಾಳಿಯಾಗಿ ಉಬ್ಬುತ್ತದೆ. ಸ್ಟ್ರಾ ಒಡೆಯಿತು ಎಂದರೆ ಅದರೊಳಗೆ ನೈಟ್ರೋಜನ್ ನುಸುಳಿತ್ತು ಎಂದರ್ಥ. ನಾನು ತುದಿ ಮುಚ್ಚಿದ್ದು ಸರಿಯಾಗಿರಲಿಲ್ಲ.

ಹಿರಿಯರು ಬೈದರು, ಇನ್ನೊಂದು ಸ್ಟ್ರಾ ತೆಗೆದರು, ಕೆಲಸ ಆಯಿತು. ರಾತ್ರಿ ಹಾಸ್ಟೆಲಿನಲ್ಲಿ ಮಲಗಿದಾಗ ಹೊಳೆಯಿತು: ಒಳಗೆ ಹೋಗಲು ದಾರಿ ಇದ್ದರೆ ಹೊರಗೆ ಬರಲೂ ದಾರಿ ಇದ್ದೇ ಇರುತ್ತದೆ. ಆ ಸ್ಟ್ರಾ ಹತ್ತು ತಿಂಗಳಿನಿಂದ ಆ ಕ್ಯಾನಿನಲ್ಲಿತ್ತು. ಅದೇ ಕ್ಯಾನಿನಲ್ಲಿ ಬೇರೆಯವರ ಭ್ರೂಣಗಳೂ ಇದ್ದವು, ಅದೇ ನೈಟ್ರೋಜನ್ನಿನಲ್ಲಿ ಮುಳುಗಿ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಹೀಗೆಯೇ, ಒಂದೇ ನೈಟ್ರೋಜನ್ ಟ್ಯಾಂಕಿನಲ್ಲಿಟ್ಟಿದ್ದ ಮೂಳೆಮಜ್ಜೆಯ ಚೀಲ ಸೋರಿ ಒಬ್ಬರಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ ಹರಡಿದ್ದು 1995ರಲ್ಲಿ ಪ್ರಕಟವಾಗಿತ್ತು. ಟ್ಯಾಂಕಿನ ತಳದ ಗಸಿಯಲ್ಲೂ ವೈರಸ್ ಸಿಕ್ಕಿತ್ತು. 2000ದಲ್ಲಿ ಹಸುವಿನ ಭ್ರೂಣಗಳ ಮೇಲೆ ನಡೆದ ಪ್ರಯೋಗದಲ್ಲಿ ತೆರೆದ ಕೊಳವೆಯ ಭ್ರೂಣಗಳಿಗೆ ನೈಟ್ರೋಜನ್ನಿನಿಂದ ವೈರಸ್ ಅಂಟಿತ್ತು, ಸೀಲು ಮಾಡಿದ ಕೊಳವೆಯ ಭ್ರೂಣಗಳಿಗೆ ಅಂಟಿರಲಿಲ್ಲ. ಮನುಷ್ಯರ ಭ್ರೂಣ, ವೀರ್ಯಗಳ ಸಂಗ್ರಹದಲ್ಲಿ ಹೀಗೆ ಹರಡಿದ ಪ್ರಕರಣ ವರದಿಯಾಗಿಲ್ಲ. ಆ ರಾತ್ರಿ ಈ ಮಾತು ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

ಬೆಳಿಗ್ಗೆ ಹೋದವಳೇ ಫೈಲು ತೆಗೆದೆ. ಕೆಂಪು ಚೀಟಿ ಇಲ್ಲ. ನಾಲ್ಕೂ ನೆಗೆಟಿವ್. ಆದರೆ ಹಾಳೆ ಜೆರಾಕ್ಸ್ ಪ್ರತಿ, ಯಾವುದೋ ಊರಿನ ಲ್ಯಾಬಿನದು, ವೀರ್ಯ ತುಂಬುವ ಹೊತ್ತಿಗೇ ಅದಕ್ಕೆ ವರ್ಷ ತುಂಬುತ್ತ ಬಂದಿತ್ತು. ತಾರೀಖು ನೋಡದೆ ತುಂಬಿಸಿಕೊಂಡವಳು ನಾನೇ. ಹಿರಿಯರಿಗೆ ಹೇಳಿದರೆ “ಹಾಳೆ ಇದೆಯಲ್ಲ, ಸಾಕು” ಎಂದರು. ನಾನು ಬಿಡಲಿಲ್ಲ, ಅಳುವುದೊಂದು ಬಾಕಿ. ಕೊನೆಗೆ ಏನೋ ನೆಪ ಹೇಳಿ ಆ ಗಂಡಸನ್ನು ಕರೆಸಿ ರಕ್ತ ತೆಗೆಸಿದರು. ಫಲಿತಾಂಶ ಬರುವವರೆಗೆ ಅನ್ನ ರುಚಿಸಲಿಲ್ಲ. ನೆಗೆಟಿವ್ ಬಂತು. ನನಗೂ ಆ ಕ್ಯಾನಿಗೂ ಮಾತ್ರ ಮೊದಲಿನ ಸ್ನೇಹ ಮತ್ತೆ ಬರಲಿಲ್ಲ.

ಅಲ್ಲಿಂದ ನನ್ನ ಹೆದರಿಕೆ ದಿಕ್ಕು ಬದಲಿಸಿತು. ಕೆಂಪು ಚೀಟಿಯ ಮಾದರಿಯಿಂದ ನಾನು ಯಾರಿಗೂ ಸೋಂಕು ಹರಡಲಾರೆ, ಅಷ್ಟು ಕಣ್ಣಿಟ್ಟು ಕೆಲಸ ಮಾಡುತ್ತೇನೆ. ಅದನ್ನು ಇಡುವ ಕ್ಯಾನೇ ಬೇರೆ. ಹರಡುವುದಾದರೆ ಅದು ಚೀಟಿ ಇಲ್ಲದ ಫೈಲಿನಿಂದ, ಊಟದ ಹೊತ್ತು ಮೀರಿದ ಮಧ್ಯಾಹ್ನ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುವಾಗ. ಭ್ರೂಣಗಳನ್ನು ಕ್ಷಣಾರ್ಧದಲ್ಲಿ ಗಾಜಿನಂತೆ ಹೆಪ್ಪುಗಟ್ಟಿಸುವ ಈಗಿನ ವಿಧಾನದಲ್ಲಿ ತುಂಬಾ ಜನ ಬಳಸುವುದು ತೆರೆದ ಕಡ್ಡಿ. ಹನಿ ನೇರವಾಗಿ ನೈಟ್ರೋಜನ್ನಿಗೆ ಮುಟ್ಟುತ್ತದೆ, ಎಷ್ಟು ಬೇಗ ತಣಿದರೆ ಭ್ರೂಣಕ್ಕೆ ಅಷ್ಟು ಒಳ್ಳೆಯದು ಎಂಬುದು ಅದರ ತರ್ಕ. ಮುಚ್ಚಿದ ಕೊಳವೆ ಸ್ವಲ್ಪ ನಿಧಾನ, ಕೈಗೆ ಕಿರಿಕಿರಿ, ಬೆಲೆಯೂ ಬೇರೆ. ಈ ಜಗಳ ನಮ್ಮವರಲ್ಲಿ ಇನ್ನೂ ಮುಗಿದಿಲ್ಲ. ನಾನು ಮುಚ್ಚಿದ ಕೊಳವೆಯ ಪಕ್ಷ, ಕಾರಣ ಮೇಲೆ ಹೇಳಿದ್ದೇನೆ.

ಹಾಳೆ ಕೇಳದ ಪ್ರಶ್ನೆಗಳೂ ಇವೆ. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಪುಟ್ಟ ಹುಡುಗಿಯೊಬ್ಬಳಲ್ಲಿ ಝೀಕಾ ಪತ್ತೆಯಾಯಿತು, ರಾಜ್ಯದ ಮೊದಲ ಪ್ರಕರಣ. ಸೊಳ್ಳೆಯ ಕಾಯಿಲೆ ಎಂದು ಎಲ್ಲರೂ ನೀರಿನ ತೊಟ್ಟಿ ನೋಡತೊಡಗಿದರು. ಅದು ವೀರ್ಯದಿಂದಲೂ ಹರಡುತ್ತದೆ, ಸೋಂಕು ಬಂದ ಗಂಡಸು ಮೂರು ತಿಂಗಳು ಕಾಯಬೇಕು. ನಮ್ಮ ಅರ್ಜಿಯಲ್ಲಿ ‘ಇತ್ತೀಚೆಗೆ ಜ್ವರ, ಮೈಮೇಲೆ ಗುಳ್ಳೆ, ಪ್ರಯಾಣ’ ಎಂಬ ಸಾಲೇ ಇರಲಿಲ್ಲ. ಆ ವಾರ ಕೈಯಲ್ಲೇ ಬರೆದು ಸೇರಿಸಿದೆ, ಈಗ ಅಚ್ಚಾಗಿ ಬರುತ್ತದೆ.

ಕೆಂಪು ಚೀಟಿಯನ್ನು ತೆಗೆಸಲು ಒಂದೂವರೆ ವರ್ಷ ಹಿಡಿಯಿತು. 2017ರ ಎಚ್‌ಐವಿ ಕಾಯ್ದೆ ಒಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲುಮಾಡಬಾರದು ಎನ್ನುತ್ತದೆ. ಬೆಂಚಿನ ಮೇಲೆ ಕೆಂಪು ಚೀಟಿ ಹಿಡಿದು ಕೂರಿಸುವುದು ಬಯಲುಮಾಡಿದಂತಲ್ಲದೆ ಮತ್ತೇನು ಎಂದು ಸಭೆಯಲ್ಲಿ ಕೇಳಿದೆ. ಒಬ್ಬ ಸಹೋದ್ಯೋಗಿ, ಒಳ್ಳೆಯವನೇ, “ಹಾಗಾದರೆ ಯಾವುದರ ಮುಂದೆ ಎಚ್ಚರವಾಗಿರಬೇಕು ಎಂದು ನಮಗೆ ಹೇಗೆ ತಿಳಿಯಬೇಕು?” ಎಂದ. ಅವನ ಬಾಯಿಂದಲೇ ಬಂತಲ್ಲ ಎಂದುಕೊಂಡೆ. ಈಗ ಮಾಹಿತಿ ಕಂಪ್ಯೂಟರಿನೊಳಗೆ ಇದೆ, ಶೇಖರಣೆ ಬೇರೆ ಬೇರೆ ಕ್ಯಾನಿನಲ್ಲೇ ಇದೆ, ಕೈಗವಸು ಹುಡ್ ಪಿಪೆಟ್ಟುಗಳ ನಿಯಮ ಮಾತ್ರ ಎಲ್ಲರಿಗೂ ಒಂದೇ. ಖರ್ಚು ಹೆಚ್ಚಾಗಿದೆ. ಡಾಕ್ಟರು ಪ್ರತಿ ತಿಂಗಳು ಕೈಗವಸಿನ ಬಿಲ್ಲು ಹಿಡಿದು ನನ್ನ ಕಡೆ ಒಮ್ಮೆ ನೋಡುತ್ತಾರೆ.

ಕುಂದಾಪುರದ ಆಕೆ ಮೂರನೆಯ ಚುಚ್ಚುಮದ್ದು ಮುಗಿಸಿ, ಪ್ರತಿಕಾಯದ ಪರೀಕ್ಷೆಗೆ ರಕ್ತ ಕೊಡಲು ಬಂದ ದಿನ ನಾನೂ ಅಲ್ಲೇ ನಿಂತಿದ್ದೆ. ತೋಳು ಚಾಚಿ ಕುಳಿತವರು ತಲೆಯೆತ್ತಿ ಕೇಳಿದರು, “ನಿಮ್ಮದು ಎಷ್ಟಿದೆ ಮೇಡಂ?”

2010ರಲ್ಲಿ ಮೂರೂ ಡೋಸ್ ಹಾಕಿಸಿಕೊಂಡಿದ್ದೆ. ಅಳತೆ ಎಂದೂ ಮಾಡಿಸಿರಲಿಲ್ಲ. ಊರಿಗೆಲ್ಲ ಹತ್ತು ದಾಟಬೇಕು ಎಂದು ಪಾಠ ಹೇಳುವವಳು ನನ್ನ ಸಂಖ್ಯೆ ಗೊತ್ತಿಲ್ಲ ಎನ್ನಲು ನಾಚಿ, ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕುಳಿತು ನಾನೂ ತೋಳು ಚಾಚಿದೆ. ನರ್ಸ್ ಎರಡೂ ಟ್ಯೂಬಿನ ಮೇಲೆ ಹೆಸರು ಬರೆದುಕೊಂಡಳು. ಎರಡು ದಿನದ ನಂತರ ಫಲಿತಾಂಶ: ಆಕೆಗೆ 340. ನನಗೆ 6.

ಹನ್ನೆರಡಕ್ಕೂ ಹೆಚ್ಚು ವರ್ಷ ಸೂಜಿ, ರಕ್ತ, ವೀರ್ಯಗಳ ನಡುವೆ ಕೈಯಾಡಿಸಿದವಳ ಸಂಖ್ಯೆ ಅದು. ಮೊದಲು ಏರಿ ಆಮೇಲೆ ಇಳಿದಿದ್ದರೆ ಚಿಂತೆಯಿಲ್ಲ, ದೇಹಕ್ಕೆ ನೆನಪಿರುತ್ತದೆ. ನನ್ನದು ಏರಿಯೇ ಇತ್ತೋ ಇಲ್ಲವೋ ಎಂಬುದಕ್ಕೆ ಕಾಗದವಿರಲಿಲ್ಲ. ಆದ್ದರಿಂದ ಇನ್ನೊಂದು ಡೋಸ್ ಹಾಕಿಸಿಕೊಂಡು ಒಂದು ತಿಂಗಳಾದ ಮೇಲೆ ಮತ್ತೆ ಅಳೆಯಬೇಕಿತ್ತು. ವಿಷಯ ಕ್ಲಿನಿಕ್ಕಿನಲ್ಲೆಲ್ಲ ಹಬ್ಬಿತು, ವಾರದೊಳಗೆ ಹನ್ನೊಂದು ಮಂದಿ ಸಿಬ್ಬಂದಿ ಸದ್ದಿಲ್ಲದೆ ತಮ್ಮ ತಮ್ಮ ರಕ್ತ ಕೊಟ್ಟುಬಂದರು. ಯಾರು ಎಷ್ಟು ಎಂದು ನಾನು ಕೇಳಲಿಲ್ಲ.

ಆ ದಂಪತಿಯ ಮೊದಲ ಪ್ರಯತ್ನ ಕೈಗೂಡಲಿಲ್ಲ. ಎರಡನೆಯದು ನಿಂತಿತು. ಐದನೆಯ ತಿಂಗಳಿನಲ್ಲಿ ಒಂದು ಸಂಜೆ ಆಕೆಯ ಫೋನು ಬಂತು. ಹಿನ್ನೆಲೆಯಲ್ಲಿ ಮೀನು ಹುರಿಯುವ ಸದ್ದು. ಅತ್ತೆ ಈಗ ಲೋಟ ಬೇರೆ ಇಡುವುದಿಲ್ಲ, ರೇಜರ್ ಬೇರೆ ಇಡುತ್ತಾರಂತೆ, ಮೈದುನನಿಗೂ ಲಸಿಕೆಯಾಯಿತಂತೆ. ಇದನ್ನೆಲ್ಲ ಹೇಳಿ ಮುಗಿಸಿ, ಮರೆತಿದ್ದೇನೋ ನೆನಪಾದವರ ಹಾಗೆ ಕೇಳಿದರು.

“ಅಂದ ಹಾಗೆ ಮೇಡಂ, ನಿಮ್ಮದು ಕೊನೆಗೆ ಎಷ್ಟು ಬಂತು?”

“ನೂರ ಎಂಬತ್ತು.”

“ಹಾಗಾದರೆ ನನ್ನದೇ ಹೆಚ್ಚು” ಎಂದು ನಕ್ಕರು.